ಬರಿಮೈ ಕಾಂಕ್ರೀಟಿನ ಇಗರ್ಜಿ

ಪ್ಯಾರಿಸ್ಸಿನಿಂದ ಪೂರ್ವಕ್ಕೆ ಹೋಗುವ ಉಪನಗರ ರೈಲಿನ ‘ಇ’ ಮಾರ್ಗದಲ್ಲಿ ಒಂದು ನಿಲ್ದಾಣಕ್ಕೆ ಮೂರು ಊರುಗಳ ಹೆಸರಿದೆ: ಲ ರೆನ್ಸಿ, ವಿಲ್ಮೊಂಬ್ಲ್, ಮೊಂಫೆರ್ಮೇ. ಮೂರನೆಯದು ವಿಕ್ಟರ್ ಹ್ಯೂಗೋನ ಓದುಗರಿಗೆ ಪರಿಚಿತ. ‘ಲೆ ಮಿಸರಾಬ್ಲ್’ ಕಾದಂಬರಿಯ ಪುಟ್ಟ ಕೋಸೆತ್ ರಾತ್ರಿ ಹೊತ್ತು ಒಬ್ಬಳೇ ನೀರು ತರಲು ಹೋಗುತ್ತಿದ್ದುದು ಆ ಊರಿನ ಕಾಡಿಗೆ. ಕಟ್ಟಡ ಕಟ್ಟುವ ಕಸುಬಿನವರು ಮಾತ್ರ ಇಲ್ಲಿ ಇಳಿಯುವುದು ಮೊದಲನೆಯ ಹೆಸರಿಗಾಗಿ. ಆರ್‌ಸಿಸಿ ಎಂದು ನಾವು ದಿನನಿತ್ಯ ಕರೆಯುವ ಕಂಬಿ ಹಾಕಿದ ಕಾಂಕ್ರೀಟು, ತನ್ನ ಮೇಲೆ ಕಲ್ಲನ್ನೂ ಇಟ್ಟಿಗೆಯನ್ನೂ ಗಾರೆಯನ್ನೂ ಹೊದ್ದುಕೊಳ್ಳದೆ, ಇದ್ದಂತೆಯೇ ದೇವರ ಮನೆಯಾಗಿ ನಿಂತದ್ದು ಈ ಊರಿನಲ್ಲಿ, 1923ರಲ್ಲಿ.

ಲ ರೆನ್ಸಿ ಹಳೆಯ ಊರೇನಲ್ಲ. ಹದಿನೇಳನೆಯ ಶತಮಾನದಲ್ಲಿ ಲೂಯಿ ಲ ವೋ ಎಂಬ ಹೆಸರಾಂತ ವಾಸ್ತುಶಿಲ್ಪಿ ಇಲ್ಲೊಂದು ದೊಡ್ಡ ಅರಮನೆ ಕಟ್ಟಿದ್ದ. ಮುಂದೆ ಆ ಎಸ್ಟೇಟು ಓರ್ಲಿಯನ್ಸ್ ರಾಜಮನೆತನಕ್ಕೆ ಸೇರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅರಮನೆ ಹೋಗಿ, ಉದ್ಯಾನ ಸೈಟುಗಳಾಗಿ ಒಡೆದು, 1869ರಲ್ಲಿ ಊರಿಗೆ ಸ್ವಂತ ಪುರಸಭೆ ಬಂತು. ಹೀಗೆ ಹುಟ್ಟಿದ ಬಡಾವಣೆಗಳಿಗೆ ಹಳೆಯ ಗುಡಿಯಾಗಲಿ ಇಗರ್ಜಿಯಾಗಲಿ ಇರುವುದಿಲ್ಲ. ಜನ ಮೊದಲು ಬರುತ್ತಾರೆ, ದೇವರಿಗೆ ಜಾಗ ಆಮೇಲೆ ಹುಡುಕಬೇಕು. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ನಿಲ್ದಾಣದಿಂದ ಪುರಸಭೆಯ ಕಡೆಗೆ ನೇರವಾಗಿ ಸಾಗುವ ಅಗಲವಾದ ಬೀದಿಗೆ ಅವೆನ್ಯು ದ ಲಾ ರೆಸಿಸ್ತಾಂಸ್ ಎಂದು ಹೆಸರು. ಬೇಕರಿ, ಔಷಧಿ ಅಂಗಡಿ, ಬ್ಯಾಂಕು, ಕನ್ನಡಕದಂಗಡಿ. ಪ್ಯಾರಿಸ್ ಹೊರವಲಯದ ಯಾವ ಊರಿನಲ್ಲೂ ಕಾಣುವ ಪೇಟೆ. ಹತ್ತು ನಿಮಿಷ ನಡೆಯುವಷ್ಟರಲ್ಲಿ ಮನೆಗಳ ಸಾಲಿನ ಮೇಲೆ ಬೂದುಬಣ್ಣದ ಘಂಟಾಗೋಪುರ ಏಳುತ್ತದೆ. ನನ್ನ ಜೊತೆಗಿದ್ದವನು ಪ್ಯಾರಿಸ್ಸಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಾಗಿರುವ ನನ್ನ ಸೋದರಳಿಯ. ಅವನನ್ನು ಕರೆದುಕೊಂಡು ಹೋದದ್ದು ಒಳ್ಳೆಯದೇ ಆಯಿತು. ಈ ಕಟ್ಟಡವನ್ನು ಅರ್ಧ ಭಕ್ತರ ಕಣ್ಣಿನಿಂದ, ಅರ್ಧ ಸೆಂಟ್ರಿಂಗ್ ಮೇಸ್ತ್ರಿಯ ಕಣ್ಣಿನಿಂದ ನೋಡಬೇಕು.

ಗೋಪುರ ಮುಂಭಾಗದ ನಟ್ಟನಡುವೆ, ಬೀದಿಯ ಅಂಚಿಗೇ ನಿಂತಿದೆ. ಕಂಬಗಳನ್ನು ಗೊಂಚಲಾಗಿ ಕಟ್ಟಿ ನಿಲ್ಲಿಸಿದಂತೆ ಕೆಳಗಿನ ಹಂತ. ಅದರ ಮೇಲೆ ಒಂದಿಷ್ಟು ಒಳಕ್ಕೆ ಸರಿದ ಇನ್ನೊಂದು ಹಂತ, ಮತ್ತೆ ಇನ್ನೊಂದು. ಹೀಗೆ ಕಿರಿದಾಗುತ್ತ ಹೋಗಿ ತುದಿಯಲ್ಲಿ ಶಿಲುಬೆ. ಹಳೆಯ ಗಾಥಿಕ್ ಗೋಪುರದ ನೆನಪು ಇದರಲ್ಲಿ ಇದ್ದೇ ಇದೆ. ನನಗೆ ಈ ಗೋಪುರ ಅಷ್ಟಾಗಿ ಹಿಡಿಸಲಿಲ್ಲ. ಒಳಗೆ ಕಾಣುವ ಸರಳತೆ ಇಲ್ಲಿ ಕೂಡಿಬಂದಿಲ್ಲ. ಎತ್ತರ ಬೇಕು, ಊರಿಗೆಲ್ಲ ಕಾಣಬೇಕು ಎಂಬ ಆಸೆಗೆ ಕಂಬಗಳನ್ನು ಪೇರಿಸಿದ್ದು ಎದ್ದು ಕಾಣುತ್ತದೆ. ಬಾಗಿಲಿನ ಮೇಲೆ ಆಂತ್ವಾನ್ ಬೂರ್ದೆಲ್ ಮಾಡಿದ ಉಬ್ಬುಶಿಲ್ಪವಿದೆ: ಸತ್ತ ಮಗನನ್ನು ಮಡಿಲಲ್ಲಿ ಹಿಡಿದ ಮರಿಯಮ್ಮ. ಈ ಇಗರ್ಜಿ ಏಕೆ ಕಟ್ಟಲ್ಪಟ್ಟಿತು ಎಂಬುದನ್ನು ಅದು ಬಾಗಿಲಲ್ಲೇ ಹೇಳಿಬಿಡುತ್ತದೆ.

1914ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ಸಿನ ಬಾಗಿಲಿಗೆ ಬಂದಿತ್ತು. ಮಾರ್ನ್ ನದಿಯ ಕದನವೆಂದು ಚರಿತ್ರೆಯಲ್ಲಿ ಹೆಸರಾದ ಆ ಹೋರಾಟದ ಒಂದು ಭಾಗ ಇಲ್ಲಿಂದ ಈಶಾನ್ಯಕ್ಕಿರುವ ಊರ್ಕ್ ಹೊಳೆಯ ಬಯಲಿನಲ್ಲಿ ನಡೆಯಿತು. ಪ್ಯಾರಿಸ್ಸಿನ ಸೇನಾ ರಾಜ್ಯಪಾಲನಾಗಿದ್ದ ಜನರಲ್ ಗಾಲಿಯೆನಿ ನಗರದ ಬಾಡಿಗೆ ಟ್ಯಾಕ್ಸಿಗಳನ್ನು ವಶಕ್ಕೆ ಪಡೆದು ಸಿಪಾಯಿಗಳನ್ನು ರಣರಂಗಕ್ಕೆ ಸಾಗಿಸಿದ ಕಥೆ ಫ್ರಾನ್ಸಿನ ಶಾಲೆಯ ಮಕ್ಕಳಿಗೂ ಗೊತ್ತು. ಆ ಟ್ಯಾಕ್ಸಿಗಳ ಒಂದು ಸಾಲು ಸೇರಿದ್ದು ಲ ರೆನ್ಸಿಯ ಪಕ್ಕದ ಊರಾದ ಗಾನ್ಯಿಯಲ್ಲಿ. ಯುದ್ಧ ಮುಗಿದಾಗ ಇಲ್ಲಿನ ಧರ್ಮಕೇಂದ್ರದ ಗುರು ಫೆಲಿಕ್ಸ್ ನೆಗ್ರ್, ಊರ್ಕ್ ಕದನದಲ್ಲಿ ಮಡಿದವರ ನೆನಪಿಗೆ ಒಂದು ಇಗರ್ಜಿ ಕಟ್ಟಬೇಕೆಂದು ಹೊರಟರು. ಅದನ್ನು ಅರ್ಪಿಸಿದ್ದು ಸಾಂತ್ವನದ ಮಾತೆಗೆ. ಮಗ ಸತ್ತ ಮನೆಗಳೇ ತುಂಬಿದ್ದ ಕಾಲದಲ್ಲಿ ಆ ಹೆಸರು ತಾನಾಗಿ ಒದಗಿ ಬಂದಿರಬೇಕು.

ಬಯಕೆ ದೊಡ್ಡದು, ಗಂಟು ಚಿಕ್ಕದು. ಫ್ರಾನ್ಸಿನಲ್ಲಿ 1905ರ ಕಾನೂನು ಸರ್ಕಾರವನ್ನೂ ಮತವನ್ನೂ ಬೇರ್ಪಡಿಸಿತ್ತು. ಹೊಸ ಇಗರ್ಜಿಗೆ ಬೊಕ್ಕಸದಿಂದ ಕಾಸು ಸಿಗುವಂತಿರಲಿಲ್ಲ. ಊರಿನವರ ಕಾಣಿಕೆಯೇ ಬಂಡವಾಳ. ಅದರಲ್ಲೂ ಯುದ್ಧದ ನಂತರದ ದಿನಗಳು. ಕಲ್ಲಿನಲ್ಲಿ ಅಷ್ಟು ದೊಡ್ಡ ಕಟ್ಟಡ ಎಬ್ಬಿಸುವುದು ಈ ಹಣದಲ್ಲಿ ಆಗದ ಮಾತಾಗಿತ್ತು. ಆಗ ನೆಗ್ರ್ ಅವರಿಗೆ ಸಿಕ್ಕಿದವರು ಓಗುಸ್ತ್ ಪೆರೆ.

ಪೆರೆಯ ತಂದೆ ಕಲ್ಲುಕುಟಿಗ. 1871ರ ಪ್ಯಾರಿಸ್ ಕಮ್ಯೂನ್ ದಂಗೆಯಲ್ಲಿ ಪಾಲ್ಗೊಂಡು ದೇಶ ಬಿಟ್ಟು ಬೆಲ್ಜಿಯಮ್ಮಿಗೆ ಓಡಿಹೋದವರು. ಓಗುಸ್ತ್ ಹುಟ್ಟಿದ್ದು ಅಲ್ಲಿಯೇ, 1874ರಲ್ಲಿ. ಕುಟುಂಬ ಪ್ಯಾರಿಸ್ಸಿಗೆ ಮರಳಿ ಕಟ್ಟಡದ ಗುತ್ತಿಗೆ ಹಿಡಿಯಿತು. ಮಕ್ಕಳು ಅದನ್ನೇ ಮುಂದುವರಿಸಿದರು. ಅಣ್ಣ ತಮ್ಮಂದಿರು ವಾಸ್ತುಶಿಲ್ಪಿಗಳೂ ಹೌದು, ಕಂಟ್ರಾಕ್ಟರರೂ ಹೌದು. ಈ ಇಗರ್ಜಿಯ ವಿನ್ಯಾಸದಲ್ಲಿ ತಮ್ಮ ಗುಸ್ತಾವ್ ಹೆಸರೂ ಜೊತೆಗಿದೆ. ನಕ್ಷೆ ಬರೆದವನೇ ಜಲ್ಲಿ ಸಿಮೆಂಟಿನ ಲೆಕ್ಕ ಹಾಕಿ, ಆಳುಗಳನ್ನಿಟ್ಟು ಎರಕ ಹೊಯ್ಯಿಸುವವನೂ ಆಗಿದ್ದರೆ ಕಟ್ಟಡ ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಾನು ಕಂಡಿಲ್ಲ. ಕಾಸಾಬ್ಲಾಂಕಾದ ಉಗ್ರಾಣಗಳಿಗೆ ಅವರು ಅದಾಗಲೇ ತೆಳ್ಳನೆಯ ಕಾಂಕ್ರೀಟಿನ ಕಮಾನು ಚಾವಣಿ ಹಾಕಿ ಅನುಭವ ಪಡೆದಿದ್ದರು. ಸರಕು ತುಂಬುವ ಗೋದಾಮಿಗೆ ಅಗ್ಗವಾಗಿ, ಬೇಗನೆ ಸೂರು ಹೊದಿಸಲು ಕಲಿತ ವಿದ್ಯೆಯನ್ನು ಇಲ್ಲಿ ದೇವರಿಗೆ ತಂದರು. 1922ರ ವಸಂತದಲ್ಲಿ ಅಡಿಗಲ್ಲು. 1923ರ ಜೂನ್ 17ರಂದು ಆಶೀರ್ವಚನ. ಒಂದು ವರ್ಷದ ಮೇಲೆ ಸ್ವಲ್ಪವೇ.

ಕಾಂಕ್ರೀಟಿನಲ್ಲಿ ಇಗರ್ಜಿ ಅದಕ್ಕೂ ಮುಂಚೆ ಇರಲಿಲ್ಲವೆಂದಲ್ಲ. ಪ್ಯಾರಿಸ್ಸಿನ ಪಶ್ಚಿಮಕ್ಕಿರುವ ಲ ವೆಸಿನೆಯಲ್ಲಿ 1860ರ ದಶಕದಲ್ಲೇ ಕಾಂಕ್ರೀಟಿನ ಗೋಡೆಯ ಒಂದು ಇಗರ್ಜಿ ಎದ್ದಿತ್ತು. ಆದರೆ ಅದು ಕಲ್ಲಿನ ಗಾಥಿಕ್ ಕಟ್ಟಡದ ವೇಷ ಹಾಕಿಕೊಂಡಿತ್ತು. ಮೊಂಮಾರ್ತ್ರ್ ಗುಡ್ಡದ ಬುಡದಲ್ಲಿ ಅನಾತೋಲ್ ದ ಬೋದೋ ಕಟ್ಟಿ 1904ರಲ್ಲಿ ಮುಗಿಸಿದ ಸಂತ ಯೊವಾನ್ನರ ಇಗರ್ಜಿಯ ಅಸ್ಥಿಪಂಜರ ಕಂಬಿ ಸಿಮೆಂಟಿನದು, ಆದರೆ ಹೊರಗೆ ಇಟ್ಟಿಗೆಯ ಮುಖ. ಹೊಸ ಸಾಮಗ್ರಿಯನ್ನು ಬಳಸಲು ಧೈರ್ಯವಿತ್ತು, ತೋರಿಸಲು ಇರಲಿಲ್ಲ. ಲ ರೆನ್ಸಿಯಲ್ಲಿ ಮುಚ್ಚುವುದಕ್ಕೆ ದುಡ್ಡೂ ಇರಲಿಲ್ಲ, ಪೆರೆಗೆ ಮನಸ್ಸೂ ಇರಲಿಲ್ಲ.

ಬಾಗಿಲು ತಳ್ಳಿ ಒಳಗೆ ಬಂದರೆ ಮೊದಲು ತಗ್ಗಿದ ಮೊಗಸಾಲೆ, ಮೇಲೆ ಗಾಯನವೃಂದದ ಅಟ್ಟ. ಅಲ್ಲಿಂದ ಎರಡು ಹೆಜ್ಜೆ ಮುಂದೆ ಇಟ್ಟರೆ ಇಡೀ ಕಟ್ಟಡ ಒಂದೇ ಸಲಕ್ಕೆ ಕಣ್ಣಿಗೆ ಬೀಳುತ್ತದೆ. ಸುಮಾರು 56 ಮೀಟರ್ ಉದ್ದ, 20 ಮೀಟರ್ ಅಗಲದ ಒಂದೇ ಹಜಾರ. ನೆಲ ಬಲಿಪೀಠದ ಕಡೆಗೆ ಮೆಲ್ಲಗೆ ಇಳಿಯುತ್ತದೆ. ಸೈಟಿನ ಸಹಜ ಇಳಿಜಾರನ್ನು ಮಣ್ಣು ತುಂಬಿ ಮಟ್ಟಸ ಮಾಡದೆ ಹಾಗೆಯೇ ಬಿಟ್ಟಿದ್ದಾರೆ; ಹಿಂದೆ ಕುಳಿತವರ ನೋಟ ಮುಂದಿನವರ ತಲೆಯ ಮೇಲಿಂದ ಹಾಯುತ್ತದೆ. ಪ್ಯಾರಿಸ್ಸಿನ ಶಾಂಜೆಲಿಜೆ ರಂಗಮಂದಿರವನ್ನು 1913ರಲ್ಲಿ ಕಟ್ಟಿದ ಕೈ ಇದು. ಪ್ರೇಕ್ಷಕನ ಕಣ್ಣು ಎಲ್ಲಿಗೆ ತಲುಪಬೇಕೆಂಬುದು ಅದಕ್ಕೆ ಗೊತ್ತು. ಬಲಿಪೀಠದ ಭಾಗ ಮಾತ್ರ ಮೆಟ್ಟಿಲೇರಿ ಎತ್ತರದಲ್ಲಿದೆ. ಗುರು ಜನರಿಗೆ ಬೆನ್ನು ಮಾಡಿ ಬಲಿಪೂಜೆ ಅರ್ಪಿಸುತ್ತಿದ್ದ ಕಾಲದಲ್ಲಿ, ಎರಡನೆಯ ವ್ಯಾಟಿಕನ್ ಸಭೆಗೆ ನಾಲ್ಕು ದಶಕ ಮೊದಲೇ, ಎಲ್ಲರೂ ಎಲ್ಲವನ್ನೂ ಕಾಣುವಂಥ ಇಗರ್ಜಿಯೊಂದು ಇಲ್ಲಿ ಸಿದ್ಧವಾಗಿತ್ತು.

ಆದರೆ ಯಾರೂ ಮೊದಲು ನೆಲ ನೋಡುವುದಿಲ್ಲ. ಕಂಬಗಳನ್ನು ನೋಡುತ್ತಾರೆ, ಗೋಡೆಗಳನ್ನು ನೋಡುತ್ತಾರೆ.

ಕಂಬಗಳು 28. ಎತ್ತರ 11 ಮೀಟರ್. ಬುಡದಲ್ಲಿ ವ್ಯಾಸ 43 ಸೆಂಟಿಮೀಟರ್, ತುದಿಯಲ್ಲಿ 35. ಅಂದರೆ ಮೂರು ಅಂತಸ್ತಿಗೂ ಮಿಕ್ಕ ಎತ್ತರಕ್ಕೆ ಒಂದೂವರೆ ಅಡಿಗಿಂತ ತೆಳ್ಳಗಿನ ಕಂಬ, ನಡುವೆ ಎಲ್ಲೂ ತೊಲೆಯ ಆಸರೆಯಿಲ್ಲದೆ. ನಾಲ್ಕು ಸಾಲುಗಳಲ್ಲಿ ನಿಂತಿವೆ. ಹೊರಗಿನ ಎರಡು ಸಾಲುಗಳನ್ನು ಎಲ್ಲರೂ ಗೋಡೆಯೊಳಗೆ ಸೇರಿಸಿಬಿಡುತ್ತಿದ್ದರು. ಪೆರೆ ಅವನ್ನೂ ಗೋಡೆಯಿಂದ ಬಿಡಿಸಿ, ಒಳಗೆ ಸರಿಸಿ ನಿಲ್ಲಿಸಿದರು. ಕಂಬಕ್ಕೂ ಗೋಡೆಗೂ ನಡುವೆ ಬೆಳಕು ಹಾಯುವಷ್ಟು ಎಡೆ. ಈ ಒಂದು ನಿರ್ಧಾರದಿಂದ ಉಳಿದೆಲ್ಲವೂ ಹುಟ್ಟಿತು. ಭಾರವೆಲ್ಲ ಕಂಬದ್ದು ಎಂದು ಕಣ್ಣಿಗೇ ತಿಳಿದುಹೋದ ಮೇಲೆ ಗೋಡೆಗೆ ಹೊರುವ ಕೆಲಸವೇ ಇಲ್ಲ. ಅದು ಏನು ಬೇಕಾದರೂ ಆಗಬಹುದು.

ಕಂಬದ ಮೈ ನುಣುಪಾಗಿಲ್ಲ. ಬುಡದಿಂದ ತುದಿಯವರೆಗೆ ಉದ್ದುದ್ದ ಗೀರುಗಳಿವೆ: ಒಂದು ದುಂಡನೆಯ ಉಬ್ಬು, ಪಕ್ಕದಲ್ಲಿ ಒಂದು ಚೂಪು ಏಣು, ಮತ್ತೆ ಉಬ್ಬು. ದೂರದಿಂದ ಗ್ರೀಕ್ ಗುಡಿಯ ಕಂಬಗಳ ನೆನಪಾಗುತ್ತದೆ. ನಾನು ಅದನ್ನೇ ಹೇಳುತ್ತಿದ್ದಾಗ ಅಳಿಯ ಒಂದು ಕಂಬದ ಹತ್ತಿರ ಕರೆದ. “ಇಲ್ಲಿ ಮುಟ್ಟಿ ನೋಡಿ ಮಾವ. ಇದನ್ನು ಯಾರೂ ಕೆತ್ತಿಲ್ಲ. ಸೆಂಟ್ರಿಂಗ್ ಹಲಗೆಯ ಒಳಮೈಗೆ ಬಡಗಿಗಳು ಬಳಸುವ ಬೀಡಿಂಗ್ ಪಟ್ಟಿ ಹೊಡೆದಿದ್ದಾರೆ, ಅಷ್ಟೇ. ಹಲಗೆ ಕೂಡಿದ ಸಂದಿನ ಗುರುತು ನೋಡಿ.” ಬೆರಳಿಗೆ ಅದು ಸಿಕ್ಕಿತು. ಹಲಗೆಯ ನಾರು, ಸಂದಿನಲ್ಲಿ ಸಿಮೆಂಟಿನ ಹಾಲು ಒಸರಿ ಗಟ್ಟಿಯಾದ ಸಣ್ಣ ಗೆರೆ, ಅಲ್ಲಲ್ಲಿ ಗಾಳಿಗುಳ್ಳೆ ಒಡೆದ ಕುಳಿ. ನಮ್ಮ ಮೇಸ್ತ್ರಿಗಳು ಸೆಂಟ್ರಿಂಗ್ ಬಿಚ್ಚಿದ ಕೂಡಲೇ ಮನೆಯ ಯಜಮಾನ ಬರುವ ಮುಂಚೆ ಗಾರೆ ಬಳಿದು ಮುಚ್ಚುವುದೆಲ್ಲ ಇಲ್ಲಿ ತೆರೆದೇ ಇದೆ.

ಸೆಂಟ್ರಿಂಗಿನ ವಿಚಾರ ಇನ್ನೂ ಒಂದು ಹೇಳಬೇಕು. ಕಾಂಕ್ರೀಟಿನ ಕಟ್ಟಡದಲ್ಲಿ ಮರದ ಅಚ್ಚಿಗೆ ಆಗುವ ಖರ್ಚು ಸಣ್ಣದಲ್ಲ. ಒಂದೊಂದು ಕಂಬಕ್ಕೂ ಹೊಸ ಅಚ್ಚು ಮಾಡಿದರೆ ಅಗ್ಗವೆಂದು ಹೊರಟ ಕೆಲಸ ದುಬಾರಿಯಾಗುತ್ತದೆ. ಪೆರೆ ಎಲ್ಲ ಕಂಬಗಳನ್ನೂ ಒಂದೇ ಬಗೆಯವಾಗಿ ಮಾಡಿ ಅಚ್ಚುಗಳನ್ನು ಮತ್ತೆ ಮತ್ತೆ ಬಳಸಿದರು. ಒಳಗಿನ ಕಂಬಗಳ ಬಗೆಯೇ ಹೊರಗಿನ ಗೋಪುರದಲ್ಲೂ ಕಾಣುವುದು ಅದಕ್ಕೇ. ಕಮಾನು ಚಾವಣಿಯದೂ ಇದೇ ಲೆಕ್ಕಾಚಾರ. ನಡುಭಾಗದ ಮೇಲೆ ಬಾಗಿಲಿನಿಂದ ಬಲಿಪೀಠದವರೆಗೆ ಉದ್ದಕ್ಕೆ ಸಾಗುವ ತಗ್ಗಿದ ಕಮಾನು. ಎರಡು ಪಕ್ಕದ ಸಾಲುಗಳ ಮೇಲೆ ಅಂಕಣ ಅಂಕಣಕ್ಕೂ ಅಡ್ಡಡ್ಡ ಸಣ್ಣ ಕಮಾನುಗಳು. ಉದ್ದದ ಕಮಾನು ಹೊರಕ್ಕೆ ತಳ್ಳುವ ಒತ್ತಡವನ್ನು ಅಡ್ಡ ಕಮಾನುಗಳು ತಡೆದು ಹಿಡಿಯುತ್ತವೆ. ಗಾಥಿಕ್ ಇಗರ್ಜಿಗಳಿಗೆ ಹೊರಗಿನಿಂದ ಊರುಗೋಲಿನಂತೆ ಕೊಡುವ ಕಲ್ಲಿನ ಆಸರೆ ಇಲ್ಲಿ ಬೇಕಾಗಲಿಲ್ಲ. ಚಾವಣಿಯ ದಪ್ಪ ಕೆಲವೇ ಸೆಂಟಿಮೀಟರ್. ಕೆಳಗೆ ನಿಂತು ಕತ್ತೆತ್ತಿದರೆ ಅದು ಕಂಬಗಳ ಮೇಲೆ ಕುಳಿತಿದೆ ಅನ್ನಿಸುವುದಿಲ್ಲ, ಎರಡೂ ಬದಿಯಿಂದ ಎಳೆದು ಕಟ್ಟಿದ ಚಪ್ಪರದ ಬಟ್ಟೆಯಷ್ಟು ಹಗುರವಾಗಿ ಕಾಣುತ್ತದೆ.

ಇನ್ನು ಗೋಡೆ. ಗೋಡೆ ಎಂಬುದು ಇಲ್ಲಿ ಇಲ್ಲವೆಂದೇ ಹೇಳಬೇಕು. ನೆಲದಿಂದ ಸ್ವಲ್ಪ ಎತ್ತರದವರೆಗೆ ಮಾತ್ರ ಗಟ್ಟಿ ಮೈ. ಅಲ್ಲಿಂದ ಚಾವಣಿಯವರೆಗೆ, ಸುತ್ತಲೂ, ಬಲಿಪೀಠದ ಹಿಂದಿನ ಬಾಗಿದ ಭಾಗವೂ ಸೇರಿ, ಎಲ್ಲವೂ ಜಾಲಂಧ್ರ. ಸಣ್ಣ ಸಣ್ಣ ಚೌಕ ಫಲಕಗಳನ್ನು ಕಾಂಕ್ರೀಟಿನಲ್ಲೇ ಅಚ್ಚು ಹಾಕಿ ಎರಕ ಹೊಯ್ದು, ಒಣಗಿದ ಮೇಲೆ ಒಂದರ ಮೇಲೊಂದು ಕೂಡಿಸಿದ್ದಾರೆ. ಒಂದರೊಳಗೆ ವೃತ್ತ, ಇನ್ನೊಂದರೊಳಗೆ ಚೌಕ, ತ್ರಿಕೋನ, ವಜ್ರಾಕೃತಿ, ಶಿಲುಬೆ. ಕೆಲವೇ ಅಚ್ಚು; ಅವನ್ನೇ ಜೋಡಿಸುವ ಕ್ರಮ ಬದಲಿಸಿ ಪ್ರತಿ ಅಂಕಣದಲ್ಲೂ ಒಂದೊಂದು ದೊಡ್ಡ ಶಿಲುಬೆ ಮೂಡಿಸಿದ್ದಾರೆ. ಬೇಲೂರಿನ ಚೆನ್ನಕೇಶವ ಗುಡಿಯ ನವರಂಗದಲ್ಲಿ ಕಂಬಗಳ ನಡುವೆ ಆಮೇಲೆ ಸೇರಿಸಿದ ಜಾಲಂಧ್ರಗಳನ್ನು ನೋಡಿದವರಿಗೆ ಹೊರುವ ಕಂಬ, ಹೊರದ ಪರದೆ ಎಂಬ ಈ ಭೇದ ಹೊಸದಲ್ಲ. ಬೇಲೂರಿನದು ಒಳಗನ್ನು ಕತ್ತಲು ಮಾಡಿತು. ಇಲ್ಲಿ ಆದದ್ದು ಅದರ ತಿರುಗುಮುರುಗು.

ಏಕೆಂದರೆ ಪ್ರತಿ ರಂಧ್ರದಲ್ಲೂ ಬಣ್ಣದ ಗಾಜು. ಗಾಜಿನ ಕೆಲಸ ಮಾರ್ಗರಿತ್ ಯುರೆ ಎಂಬ ಹೆಣ್ಣುಮಗಳದು. 1895ರಲ್ಲಿ ಹುಟ್ಟಿದ ಆಕೆಗೆ ಆಗ ಇಪ್ಪತ್ತೆಂಟು ದಾಟಿರಲಿಲ್ಲ. ಚಿತ್ರಗಳಿರುವ ಭಾಗಗಳಿಗೆ ರೇಖೆ ಬರೆದುಕೊಟ್ಟವರು ಆ ಕಾಲದ ದೊಡ್ಡ ಚಿತ್ರಕಾರ ಮೋರಿಸ್ ದೆನಿ. 1919ರಲ್ಲಿ ಜೊತೆಗಾರ ಜಾರ್ಜ್ ದೆವಾಲಿಯೇರ್ ಅವರೊಂದಿಗೆ ಧಾರ್ಮಿಕ ಕಲೆಗಾಗಿಯೇ ಒಂದು ಕಲಾಶಾಲೆ ತೆರೆದಿದ್ದ ಭಕ್ತ. ಅಂಕಣಗಳ ನಡುವೆ ಮರಿಯಮ್ಮನ ಜೀವನದ ದೃಶ್ಯಗಳಿವೆ; ಅವುಗಳ ಜೊತೆಯಲ್ಲೇ ಮಾರ್ನ್ ಗೆಲುವಿನ ಒಂದು ಚಿತ್ರವೂ ಇದೆ. ಹೇಳುವುದೇ ಆದರೆ, ದೆನಿಯ ಚಿತ್ರಗಳು ನನ್ನನ್ನು ಅಷ್ಟು ಹೊತ್ತು ನಿಲ್ಲಿಸಲಿಲ್ಲ. ಅವು ಚೆನ್ನಾಗಿವೆ, ಸೌಮ್ಯವಾಗಿವೆ, ಹಳೆಯ ಜಾಡಿನಲ್ಲಿವೆ. ಅವುಗಳ ಸುತ್ತ ಯುರೆ ತುಂಬಿರುವ, ಯಾವ ಚಿತ್ರವೂ ಇಲ್ಲದ ಬರಿಯ ಬಣ್ಣವೇ ಈ ಇಗರ್ಜಿಯ ಉಸಿರು.

ಆಕೆ ಒಂದೊಂದು ಅಂಕಣಕ್ಕೂ ಒಂದೊಂದು ಬಣ್ಣದ ಒಲವು ಕೊಟ್ಟಿದ್ದಾಳೆ. ಹಳದಿ, ಕಿತ್ತಳೆ, ಕೆಂಪು, ನೇರಳೆ. ಬಲಿಪೀಠದ ಹಿಂದೆ ಬಂದಾಗ ಮರಿಯಮ್ಮನ ಬಣ್ಣವಾದ ನೀಲಿ. ಒಂದು ಅಂಕಣದ ಮುಂದೆ ನಿಂತು ಕೆಂಪು ಎಂದು ಹೇಳಿದರೆ ಅದರೊಳಗೆ ಹತ್ತು ಬಗೆಯ ಕೆಂಪು, ನಡುವೆ ಎಲ್ಲೋ ಒಂದು ಹಸಿರು ಚೂರು, ಒಂದು ಬಿಳಿ ಚೂರು. ಬಿಸಿಲು ಬಂದಾಗ ಇವೆಲ್ಲ ಬೂದು ಕಂಬಗಳ ಗೀರುಮೈಗೆ ಹಾಯುತ್ತವೆ. ಉಬ್ಬಿಗೆ ಒಂದು ಬಣ್ಣ, ಏಣಿಗೆ ಇನ್ನೊಂದು. ಮೋಡ ಸರಿದಂತೆ ಒಂದು ಕಂಬ ನೇರಳೆಯಿಂದ ಬೂದಾಗಿ ಮತ್ತೆ ಕಿತ್ತಳೆಯಾದದ್ದನ್ನು ನಾವಿಬ್ಬರೂ ಮಾತಿಲ್ಲದೆ ನೋಡಿದೆವು. ಅಮೃತಶಿಲೆಯ ಕಂಬವಾಗಿದ್ದರೆ, ಬಣ್ಣ ಬಳಿದ ಕಂಬವಾಗಿದ್ದರೆ, ಅದಕ್ಕೆ ತನ್ನದೇ ಬಣ್ಣವಿರುತ್ತಿತ್ತು. ಈ ಬೆಳಕನ್ನು ಇಷ್ಟು ನಿಚ್ಚಳವಾಗಿ ತೆಗೆದುಕೊಳ್ಳಲು ಅದಕ್ಕೆ ಆಗುತ್ತಿರಲಿಲ್ಲ. ಜನ ಈ ಕಟ್ಟಡವನ್ನು ಕಾಂಕ್ರೀಟಿನ ಸೇಂತ್ ಶಾಪೆಲ್ ಎಂದು ಕರೆದರು. ಪ್ಯಾರಿಸ್ಸಿನಲ್ಲಿ ಹದಿಮೂರನೆಯ ಶತಮಾನದ ಅರಸ ಒಂಬತ್ತನೆಯ ಲೂಯಿ ಕಟ್ಟಿಸಿದ ಆ ಗಾಜಿನ ಪ್ರಾರ್ಥನಾಮಂದಿರದ ಹಿಂದೆ ರಾಜನ ಖಜಾನೆಯಿತ್ತು. ಇಲ್ಲಿ ಪೇಟೆ ಬೀದಿಯ ಜನರ ಕಾಣಿಕೆ ಡಬ್ಬಿಯಿತ್ತು. ಎರಡನ್ನೂ ನೋಡಿದ ಮೇಲೆ ನನ್ನ ಮನಸ್ಸು ಲ ರೆನ್ಸಿಯ ಕಡೆಗೇ ವಾಲುತ್ತದೆ.

ನಾವಿದ್ದಾಗ ಧರ್ಮಕೇಂದ್ರದ ವಯಸ್ಸಾದ ಹೆಂಗಸೊಬ್ಬರು ಬೆಂಚುಗಳ ಮೇಲೆ ಹಾಡಿನ ಹಾಳೆಗಳನ್ನು ಹಂಚಿಡುತ್ತಿದ್ದರು. ಅವರು ಹಿಂದಿನ ಬೆಂಚಿನಿಂದ ಯಾರನ್ನೋ ಕರೆದ ದನಿ ಕಮಾನಿನ ಉದ್ದಕ್ಕೂ ಓಡಿ, ತಡವಾಗಿ ಆರಿತು. ಬರಿ ಕಾಂಕ್ರೀಟು, ಗಾಜು, ಗಟ್ಟಿ ನೆಲ. ದನಿಯನ್ನು ಹೀರಿಕೊಳ್ಳುವ ಮೆತ್ತನೆಯದು ಯಾವುದೂ ಇಲ್ಲ. ಹಾಡಿಗೆ ಅದು ಒಗ್ಗುತ್ತದೆ. ಪ್ರಸಂಗ ಮಾಡುವ ಗುರುಗಳು ಮಾತ್ರ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತನಾಡಬೇಕು. ಇದು ಟಿಕೆಟ್ ಕೊಟ್ಟು ನೋಡುವ ಸ್ಮಾರಕವಾಗಿ ಉಳಿದಿಲ್ಲ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ, ಭಾನುವಾರದ ಬಲಿಪೂಜೆ ಎಲ್ಲ ನಡೆಯುವ ಇಗರ್ಜಿ. ಕಟ್ಟುವಾಗ ಇದು ವರ್ಸಾಯ್ ಧರ್ಮಪ್ರಾಂತ್ಯದಲ್ಲಿತ್ತು. 1966ರಲ್ಲಿ ಸೇಂ ದೆನಿ ಎಂಬ ಹೊಸ ಧರ್ಮಪ್ರಾಂತ್ಯವಾದ ಮೇಲೆ ಅದಕ್ಕೆ ಸೇರಿತು. ಅದೇ 1966ರಲ್ಲಿ ಫ್ರಾನ್ಸ್ ಸರ್ಕಾರ ಇದನ್ನು ಚಾರಿತ್ರಿಕ ಸ್ಮಾರಕವೆಂದು ಘೋಷಿಸಿತು. ನಲವತ್ಮೂರು ವರ್ಷದ ಕಾಂಕ್ರೀಟಿನ ಕಟ್ಟಡಕ್ಕೆ ಆ ಗೌರವ ಸಿಗುವುದು ಅಂದಿಗೆ ಅಪರೂಪ.

ಸ್ಮಾರಕವಾಗುವ ಹೊತ್ತಿಗೆ ಮೈಯಲ್ಲಿ ರೋಗವೂ ಹೊಕ್ಕಿತ್ತು. ಅದನ್ನು ತಿಳಿಯಲು ಹೊರಗೆ ಬಂದು ಪಕ್ಕದ ಗೋಡೆಯನ್ನು ನೋಡಬೇಕು. ಹೊರಗಿನಿಂದ ಗಾಜು ಕಪ್ಪಗೆ, ಜಾಲಂಧ್ರ ಮಳೆ ಹೊಡೆದು ಮಾಸಲು. ಒಳಗಿನ ಬೆಡಗಿನ ಸುಳಿವೇ ಇಲ್ಲ. ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿಗೆ ರಕ್ಷಣೆ ಅದರ ಮೇಲಿನ ಕಾಂಕ್ರೀಟಿನ ಪದರವೇ. ಸಿಮೆಂಟಿನ ಕ್ಷಾರಗುಣ ತುಕ್ಕು ಹಿಡಿಯದಂತೆ ತಡೆಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಕ್ಕೆ ಇಳಿಯುತ್ತ ಆ ಕ್ಷಾರವನ್ನು ಕಳೆಯುತ್ತದೆ. ಪದರ ದಪ್ಪವಾಗಿದ್ದರೆ ಅದು ಕಂಬಿಯನ್ನು ಮುಟ್ಟಲು ಬಹಳ ಕಾಲ ಬೇಕು. ತೆಳ್ಳಗಿದ್ದರೆ ಬೇಗ ಮುಟ್ಟುತ್ತದೆ. ಮುಟ್ಟಿದ ಮೇಲೆ ನೀರು ತಾಗಿ ಕಂಬಿ ತುಕ್ಕಾಗುತ್ತದೆ, ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದ ಊದಿ ಕಾಂಕ್ರೀಟನ್ನು ಸಿಡಿಸುತ್ತದೆ. ನಮ್ಮಲ್ಲಿ ಇಂದು ಯಾವ ಸಣ್ಣ ಮನೆ ಕಟ್ಟುವಾಗಲೂ ಮೇಸ್ತ್ರಿ ಕಂಬಿಯ ಕೆಳಗೆ ಕವರ್ ಬ್ಲಾಕ್ ಇಡುತ್ತಾನಲ್ಲ, ಅದು ಈ ಕಾರಣಕ್ಕೆ. 1922ರಲ್ಲಿ ಈ ಜ್ಞಾನ ಇನ್ನೂ ಬಲಿತಿರಲಿಲ್ಲ. ಬೆರಳು ಗಾತ್ರದ ಜಾಲಂಧ್ರದ ಪಟ್ಟಿಗಳಲ್ಲಿ ದಪ್ಪ ಪದರಕ್ಕೆ ಜಾಗವಾದರೂ ಎಲ್ಲಿತ್ತು?

“ಇಷ್ಟು ತೆಳ್ಳಗೆ ಮಾಡದೆ ಇದ್ದರೆ ಇದು ಹಾಳಾಗುತ್ತಿರಲಿಲ್ಲವೇನೋ” ಅಂದೆ. ಅಳಿಯ ತಲೆಯಾಡಿಸಿದ. “ತೆಳ್ಳಗೆ ಮಾಡದೆ ಇದ್ದಿದ್ದರೆ ದುಡ್ಡು ಸಾಲುತ್ತಿರಲಿಲ್ಲ ಮಾವ. ಬೆಳಕೂ ಬರುತ್ತಿರಲಿಲ್ಲ.”

1980ರ ದಶಕದ ಕೊನೆಗೆ ಶುರುವಾದ ದೊಡ್ಡ ದುರಸ್ತಿ 1990ರ ದಶಕಕ್ಕೂ ಮುಂದುವರಿಯಿತು. ಶಿಥಿಲವಾದ ಜಾಲಂಧ್ರ ಫಲಕಗಳನ್ನು ತೆಗೆದು, ಹೊಸದಾಗಿ ಎರಕ ಹೊಯ್ದು ಕೂರಿಸಿದರು. ಇಂಥ ಕಡೆ ಒಂದು ಪ್ರಶ್ನೆ ಏಳುತ್ತದೆ: ಮೂಲ ಫಲಕ ಹೋಗಿ ಹೊಸದು ಬಂದ ಮೇಲೆ ಇದು ಪೆರೆಯ ಕಟ್ಟಡವೇ? ಶಿಲ್ಪಿಯೊಬ್ಬ ಕೈಯಾರೆ ಕೆತ್ತಿದ ಕಲ್ಲು ಒಡೆದರೆ ಅದು ಹೋದ ಹಾಗೆಯೇ. ಪ್ರತಿ ಮಾಡಬಹುದು, ಆ ಕೈ ಮತ್ತೆ ಬಾರದು. ಅಚ್ಚಿನಲ್ಲಿ ಹೊಯ್ದ ವಸ್ತುವಿನ ವಿಷಯ ಬೇರೆ. ಪೆರೆ ಮಾಡಿದ್ದು ಅಚ್ಚನ್ನು, ಜೋಡಣೆಯನ್ನು. ಮೊದಲ ಫಲಕಗಳನ್ನೂ ಹೆಸರಿಲ್ಲದ ಆಳುಗಳೇ ಹೊಯ್ದದ್ದು. ಅದೇ ಅಚ್ಚಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಹೊಯ್ದ ಫಲಕವನ್ನು ಪರಕೀಯವೆನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಗಾಜಿನ ಮಾತು ಹಾಗಲ್ಲ. ಯುರೆ ಆರಿಸಿ ಕೂಡಿಸಿದ ಒಂದು ಚೂರು ಕಳೆದರೂ ಅದು ಕಳೆದದ್ದೇ.

ಪೆರೆ ಇಲ್ಲಿಗೆ ನಿಲ್ಲಲಿಲ್ಲ. ಮರುವರ್ಷಗಳಲ್ಲಿ ಮೊಂಮಾನ್ಯಿ ಎಂಬ ಊರಿನಲ್ಲಿ ಇದರ ತಂಗಿಯಂಥ ಚಿಕ್ಕ ಇಗರ್ಜಿಯೊಂದನ್ನು ಕಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ನೆಲಸಮವಾದ ಲ ಆವ್ರ್ ಬಂದರನ್ನು ಮತ್ತೆ ಕಟ್ಟುವ ಹೊಣೆ ಅವರ ಹೆಗಲಿಗೆ ಬಂತು. ಕಾಂಕ್ರೀಟಿನ ಆ ಇಡೀ ನಗರಭಾಗ 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಅಲ್ಲಿ 107 ಮೀಟರ್ ಎತ್ತರದ ಗೋಪುರವಿರುವ ಸಂತ ಜೋಸೆಫರ ಇಗರ್ಜಿಗೆ ಗಾಜು ಕೂಡಿಸಿದವಳು ಮತ್ತೆ ಯುರೆಯೇ. ಪೆರೆ 1954ರಲ್ಲಿ ತೀರಿಕೊಂಡಾಗ ಆ ಕೆಲಸ ಮುಗಿದಿರಲಿಲ್ಲ.

ಲ ರೆನ್ಸಿಯ ಸುದ್ದಿ ಹೊರದೇಶಗಳಿಗೂ ಬೇಗ ಹಬ್ಬಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕಾರ್ಲ್ ಮೋಸರ್ 1927ರಲ್ಲಿ ಮುಗಿಸಿದ ಸಂತ ಅಂತೋಣಿಯವರ ಇಗರ್ಜಿಯೂ ಬರಿಮೈ ಕಾಂಕ್ರೀಟಿನದೇ. ಅಲ್ಲಿನ ಕಮಾನಿಗೂ ಬಣ್ಣದ ಗಾಜಿಗೂ ಇಲ್ಲಿನ ಋಣವಿದೆ. ಟೋಕಿಯೋದ ಕ್ರೈಸ್ತ ಮಹಿಳಾ ಕಾಲೇಜಿನಲ್ಲಿ ಆಂಟೊನಿನ್ ರೇಮಂಡ್ 1930ರ ದಶಕದಲ್ಲಿ ಕಟ್ಟಿದ ಪ್ರಾರ್ಥನಾಮಂದಿರವಂತೂ ಲ ರೆನ್ಸಿಯನ್ನೇ ಮುಂದಿಟ್ಟುಕೊಂಡು ಮಾಡಿದ್ದು. ರೇಮಂಡ್ ಬಳಿ ಕೆಲಸಕ್ಕಿದ್ದ ಬೆಡ್ರಿಚ್ ಫಾಯರ್‌ಸ್ಟೈನ್ ಎಂಬ ಜೆಕ್ ವಾಸ್ತುಶಿಲ್ಪಿ ಅದಕ್ಕೆ ಮುಂಚೆ ಪ್ಯಾರಿಸ್ಸಿನಲ್ಲಿ ಪೆರೆಯ ಕಚೇರಿಯಲ್ಲಿ ದುಡಿದವನು.

ಈ ಎಳೆ ಹಿಡಿದು ಬಂದರೆ ನಮ್ಮ ಕಡೆಗೂ ದಾರಿಯಿದೆ. ಚಂಡೀಗಡವನ್ನು ರೂಪಿಸಿದ ಲ ಕಾರ್ಬೂಸಿಯೆ ಇಪ್ಪತ್ತರ ಹರೆಯದಲ್ಲಿ ಕಾಂಕ್ರೀಟಿನ ಪಾಠ ಕಲಿತದ್ದು ಪೆರೆಯ ಕಚೇರಿಯಲ್ಲೇ. ಆದರೆ ಲ ರೆನ್ಸಿಗೆ ಇನ್ನೂ ಹತ್ತಿರದ ನೆಂಟಸ್ತಿಕೆ ಪಾಂಡಿಚೇರಿಯದು. ಟೋಕಿಯೋದ ಅದೇ ರೇಮಂಡ್, ಜಾರ್ಜ್ ನಕಾಶಿಮಾ ಮತ್ತು ಫ್ರಾಂಸ್ವಾ ಸಾಮರ್ ಜೊತೆಗೂಡಿ ಅರವಿಂದಾಶ್ರಮದ ಸಾಧಕರಿಗಾಗಿ ಗೋಲ್ಕೊಂಡ್ ಎಂಬ ವಸತಿಗೃಹ ಕಟ್ಟಿದರು. 1930ರ ದಶಕದ ನಡುವೆ ನಕ್ಷೆ ತಯಾರಾಗಿ, 1945ರ ಹೊತ್ತಿಗೆ ಮುಗಿಯಿತು. ಭಾರತದಲ್ಲಿ ಕಾಂಕ್ರೀಟು ಮುಚ್ಚುಮರೆಯಿಲ್ಲದೆ ನಿಂತ ಮೊದಲ ಆಧುನಿಕ ಕಟ್ಟಡಗಳಲ್ಲಿ ಅದೊಂದು. ಅಲ್ಲಿಯೂ ಭಾರ ಹೊರುವ ಮೈ ಬೇರೆ, ಹೊರಗಿನ ಪರದೆ ಬೇರೆ. ಪಾಂಡಿಚೇರಿಯ ಸೆಕೆಗೆ ಬಣ್ಣದ ಗಾಜು ಆಗದು. ಅದರ ಜಾಗದಲ್ಲಿ ಕಟ್ಟಡದ ಉದ್ದಕ್ಕೂ ಕೈಯಿಂದ ತಿರುಗಿಸಬಹುದಾದ ಅಡ್ಡಪಟ್ಟಿಗಳನ್ನು ಹಾಕಿ, ಬಿಸಿಲನ್ನು ಹೊರಗಿಟ್ಟು ಗಾಳಿಯನ್ನು ಒಳಗೆ ಕರೆದಿದ್ದಾರೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಅಲ್ಲಿರಬಹುದು; ಒಳಗೆ ನೋಡಲು ಆಶ್ರಮದವರ ಅನುಮತಿ ಮೊದಲೇ ಕೇಳಿಕೊಳ್ಳಬೇಕು.